ಲಿಂಕ್ ಎಡಚನಾಗಿದ್ದ ಕಾಲ

ಜಗಳ ಶುರುವಾಗಿದ್ದು ಒಂದೇ ಮಾತಿನಿಂದ. "ಸ್ಕೈವರ್ಡ್ ಸೋರ್ಡ್ ಒಂದು ಗೇಮೇ ಅಲ್ಲ ಕಣೋ, ಅದು ಕೈ ಬೀಸೋ ವ್ಯಾಯಾಮ" ಅಂತ ನನ್ನ ಗೆಳೆಯ ಹೇಳಿದ. ನನ್ನ ತಂಗಿ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಆ ಗೇಮ್ ಅಂದರೆ ಪ್ರಾಣ. ಆಮೇಲೆ ಮೂರು ಗಂಟೆ ಯಾರೂ ಜಾಗ ಬಿಟ್ಟು ಏಳಲಿಲ್ಲ.

ನಾವು ನಾಲ್ಕು ಜನ. ಎಲ್ಲರಿಗೂ ಜೆಲ್ಡಾ ಹುಚ್ಚು, ಅಂದರೆ ಲಿಂಕ್ ಅನ್ನೋ ಕತ್ತಿ ಹಿಡಿದ ನಾಯಕನ ನಿಂಟೆಂಡೋ ವಿಡಿಯೋ ಗೇಮ್ ಸರಣಿಯ ಹುಚ್ಚು. ಗೆಳೆಯನ ಪಾಲಿಗೆ 1998ರ ಒಕರಿನಾ ಆಫ್ ಟೈಮ್ ಬಿಟ್ಟರೆ ಬೇರೆ ಗೇಮ್ ಇಲ್ಲ. ಇನ್ನೊಬ್ಬಳು ಗೆಳತಿ 2017ರ ಬ್ರೆತ್ ಆಫ್ ದಿ ವೈಲ್ಡ್ ಕಡೆಯವಳು. ತಂಗಿ ಸ್ಕೈವರ್ಡ್ ಸೋರ್ಡ್. ನಾನು ಯಾವ ಪಕ್ಷ ಅನ್ನೋದು ಆಮೇಲೆ ಹೇಳುತ್ತೇನೆ, ಅದಕ್ಕೆ ನನ್ನ ಕೈಯೇ ಕಾರಣ.

ಮೊದಲ ಒಂದು ಗಂಟೆ ಕಥೆ, ಸಂಗೀತ, ದೊಡ್ಡ ಮ್ಯಾಪ್, ಚಿಕ್ಕ ಮ್ಯಾಪ್ ಅಂತ ಹೋಯಿತು. ನಾನು ಜಾಸ್ತಿ ಮಾತಾಡದೆ ಕೇಳುತ್ತಿದ್ದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಸ್ಕೈವರ್ಡ್ ಸೋರ್ಡ್ ಅನ್ನು ಬೈಯುವಾಗ ಗೆಳೆಯನ ಬಲಗೈ ಗಾಳಿಯಲ್ಲಿ ಬೀಸುತ್ತಿತ್ತು. ಅದನ್ನೇ ಹೊಗಳುವಾಗ ತಂಗಿಯ ಬಲ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು. ಇಬ್ಬರೂ ಒಂದೇ ಗೇಮ್ ಬಗ್ಗೆ ಮಾತಾಡುತ್ತಿರಲಿಲ್ಲ!

ಗೆಳೆಯ ಆಡಿದ್ದು 2011ರಲ್ಲಿ ನಿಂಟೆಂಡೋದ ವೀ ಯಂತ್ರದ ಮೇಲೆ ಬಂದದ್ದು. ಅದರಲ್ಲಿ ರಿಮೋಟೇ ಕತ್ತಿ. ಕೈಯ ಚಲನೆ ಗುರುತಿಸುವ ಮೋಷನ್‌ಪ್ಲಸ್ ಸೆನ್ಸರ್ ಇಲ್ಲದೆ ಆಟವೇ ನಡೆಯದು. ತಂಗಿ ಆಡಿದ್ದು 2021ರಲ್ಲಿ ನಿಂಟೆಂಡೋದ ಸ್ವಿಚ್ ಯಂತ್ರಕ್ಕೆ ಬಂದ ಎಚ್‌ಡಿ ಆವೃತ್ತಿ. ಅದರಲ್ಲಿ ಕೈ ಬೀಸದೆ ಬರೀ ಬಟನ್‌ನಲ್ಲಿ ಆಡುವ ಆಯ್ಕೆ ಕೊಟ್ಟರು. ಕಂಟ್ರೋಲರ್‌ನ ಬಲಗಡೆ ಹೆಬ್ಬೆರಳಿನಿಂದ ತಳ್ಳುವ ಸಣ್ಣ ಸ್ಟಿಕ್ಕನ್ನು ಯಾವ ಕಡೆ ತಳ್ಳುತ್ತೀರೋ ಕತ್ತಿ ಆ ಕಡೆ ಬೀಸುತ್ತದೆ. ಅವಳು ಇಡೀ ಗೇಮನ್ನು ಸೋಫಾದಲ್ಲಿ ಕಾಲು ಚಾಚಿಕೊಂಡು ಮುಗಿಸಿದವಳು. ಇವನು ಇಡೀ ಗೇಮನ್ನು ನಿಂತುಕೊಂಡು ಆಡಿದವನು. ಇಬ್ಬರಿಗೂ ಒಂದೇ ಅಭಿಪ್ರಾಯ ಬರಬೇಕು ಅಂದರೆ ಹೇಗೆ?

ಯಾವ ಜೆಲ್ಡಾ ದೊಡ್ಡದು ಅನ್ನೋ ಜಗಳದಲ್ಲಿ ಅರ್ಧ ಪಾಲು ಕಂಟ್ರೋಲರ್ ಜಗಳ. ಇದನ್ನು ಆವತ್ತು ಅವರ ಮುಂದೆ ಹೇಳಿದೆ, ಮೂವರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಹಾಗಾಗಿ ಇಲ್ಲಿ ಸಮಾಧಾನವಾಗಿ ಬರೆಯುತ್ತಿದ್ದೇನೆ.

ಈ ಸರಣಿ ಹುಟ್ಟಿದ್ದೇ ಹಾಗೆ. ಮೊದಲ ಜೆಲ್ಡಾ 1986ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ನಿಂಟೆಂಡೋದ ಫ್ಯಾಮಿಕಾಮ್ ಯಂತ್ರದ ಡಿಸ್ಕ್ ಸಿಸ್ಟಮ್‌ಗೆ ಬಂತು. ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಒಂದು ಸಣ್ಣ ಮೈಕ್ ಇತ್ತು. ಆ ಗೇಮ್‌ನಲ್ಲಿ ಪೋಲ್ಸ್ ವಾಯ್ಸ್ ಅಂತ ಉದ್ದ ಕಿವಿಯ ಒಂದು ಶತ್ರು ಬರುತ್ತದೆ. ಮೈಕ್‌ನಲ್ಲಿ ಜೋರಾಗಿ ಕೂಗಿದರೆ ಅದು ಸಾಯುತ್ತದೆ. ಮುಂದಿನ ವರ್ಷ ಅದೇ ಗೇಮ್ ಅಮೆರಿಕಕ್ಕೆ ಹೋಯಿತು. ಫ್ಯಾಮಿಕಾಮ್‌ನ ಅಲ್ಲಿನ ರೂಪವಾದ ಎನ್‌ಇಎಸ್ ಕಂಟ್ರೋಲರ್‌ನಲ್ಲಿ ಮೈಕ್ ಇರಲಿಲ್ಲ. ಆದರೂ ಜೊತೆಗೆ ಬಂದ ಕೈಪಿಡಿಯಲ್ಲಿ ಈ ಪ್ರಾಣಿಗೆ ಜೋರು ಸದ್ದು ಆಗುವುದಿಲ್ಲ ಅನ್ನೋ ಮಾತು ಹಾಗೇ ಉಳಿದುಹೋಯಿತು. ಅದನ್ನು ಓದಿದವರು ಗೇಮ್ ಒಳಗಿನ ಕೊಳಲು ಊದಿ ಊದಿ ನೋಡಿರಬೇಕು. ಅದಕ್ಕೆ ಏನೂ ಆಗುತ್ತಿರಲಿಲ್ಲ. ಅಲ್ಲಿ ಬಾಣ ಹೊಡೆಯಬೇಕಿತ್ತು. ಕಥೆ ಒಂದೇ, ಶತ್ರು ಒಂದೇ, ಆದರೆ ಕೈಯಲ್ಲಿದ್ದ ವಸ್ತು ಬೇರೆ. ಒಬ್ಬರ ನೆನಪಿನಲ್ಲಿ ಆ ಪ್ರಾಣಿ ಕೂಗಿದರೆ ಸಾಯುತ್ತೆ, ಇನ್ನೊಬ್ಬರ ನೆನಪಿನಲ್ಲಿ ಬಾಣಕ್ಕೆ ಸಾಯುತ್ತೆ.

ಈಗ ನನ್ನ ಕೈ ವಿಷಯ. ನಾನು ಎಡಚ. ಗೇಮ್ ಆಡುವವರಲ್ಲಿ ಎಡಚರಿಗೆ ಒಂದು ವಿಚಿತ್ರ ಸ್ಥಾನ ಇದೆ. ನಾವು ಹಿಡಿಯುವ ಬಹುತೇಕ ಎಲ್ಲ ಕಂಟ್ರೋಲರ್‌ಗಳಲ್ಲೂ ನಡೆಯುವುದು ಎಡ ಹೆಬ್ಬೆರಳಿನಲ್ಲಿ, ಹೊಡೆಯುವುದು ಬಲ ಹೆಬ್ಬೆರಳಿನಲ್ಲಿ. 1982ರಲ್ಲಿ ನಿಂಟೆಂಡೋದ ಗುನ್ಪೈ ಯೊಕೊಯಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಅಂಡ್ ವಾಚ್‌ನ ಡಾಂಕಿ ಕಾಂಗ್‌ಗೆ ಕೂಡಿಸುವ ಚಿಹ್ನೆ ಆಕಾರದ, ದಿಕ್ಕು ಒತ್ತುವ ಡಿ-ಪ್ಯಾಡ್ ಮಾಡಿದಾಗ ಅದನ್ನು ಇಟ್ಟಿದ್ದು ಎಡಗಡೆ. ಅಲ್ಲಿಂದ ಇವತ್ತಿನವರೆಗೂ ಅದು ಎಡಗಡೆಯೇ ಇದೆ. ನನಗೆ ಅಭ್ಯಾಸ ಆಗಿದೆ, ಬೇಜಾರೂ ಇಲ್ಲ. ಆದರೆ ಮೊದಲ ಸಲ ಗೆಳೆಯನ ಹತ್ತಿರ ಒಕರಿನಾ ನೋಡಿದ ದಿನ ಲಿಂಕ್ ಕತ್ತಿ ಎಳೆದ, ಎಡಗೈಯಲ್ಲಿ ಹಿಡಿದ. ನಾನು ಟಿವಿ ಹತ್ತಿರಕ್ಕೆ ಹೋಗಿ ಕೂತೆ. ಇವನು ನಮ್ಮವನು ಅನ್ನಿಸಿತು. ಲಿಂಕ್‌ನನ್ನು ಕಟ್ಟಿದ ಶಿಗೆರು ಮಿಯಾಮೊಟೊ ಕೂಡ ಎಡಚ ಅಂತ ಆಮೇಲೆ ಗೊತ್ತಾದಾಗ ಆದ ಖುಷಿ ಇನ್ನೂ ಇದೆ.

ಅದಕ್ಕೇ 2006 ನನಗೆ ಮರೆಯೋಕೆ ಆಗುವುದಿಲ್ಲ. ಟ್ವೈಲೈಟ್ ಪ್ರಿನ್ಸೆಸ್ ಅನ್ನೋ ಜೆಲ್ಡಾ ಗೇಮನ್ನು ಮೊದಲು ವೀಗಿಂತ ಹಿಂದಿನ ಯಂತ್ರ ಗೇಮ್‌ಕ್ಯೂಬ್‌ಗೆ ಅಂತಲೇ ಮಾಡುತ್ತಿದ್ದರು. ಆಮೇಲೆ ವೀ ಜೊತೆಗೂ ಬಿಡೋಣ ಅಂತ ಆಯಿತು. ವೀ ರಿಮೋಟ್ ಅಲ್ಲಾಡಿಸಿದರೆ ಕತ್ತಿ ಬೀಸುತ್ತದೆ. ಹೆಚ್ಚಿನ ಜನ ರಿಮೋಟ್ ಹಿಡಿಯುವುದು ಬಲಗೈಯಲ್ಲಿ. ಟಿವಿಯಲ್ಲಿ ಲಿಂಕ್ ಮಾತ್ರ ಎಡಗೈ. ಅದು ಹೊಂದುವುದಿಲ್ಲ ಅಂತ ಅವರು ಲಿಂಕ್ ಒಬ್ಬನನ್ನೇ ಬದಲಾಯಿಸಲಿಲ್ಲ, ಇಡೀ ಲೋಕವನ್ನೇ ಕನ್ನಡಿ ಹಿಡಿದ ಹಾಗೆ ತಿರುಗಿಸಿದರು. ಪೂರ್ವ ಪಶ್ಚಿಮ ಆಯಿತು, ಪಶ್ಚಿಮ ಪೂರ್ವ ಆಯಿತು. ಗೇಮ್‌ಕ್ಯೂಬ್ ಮ್ಯಾಪ್‌ನಲ್ಲಿ ಗೆರೂಡೋ ಮರಳುಗಾಡು ಎಡಗಡೆ ಇದ್ದರೆ ವೀಯಲ್ಲಿ ಬಲಗಡೆ.

ನಾನು ಮೊದಲು ಆಡಿದ್ದು ವೀ ಆವೃತ್ತಿ. ಎಷ್ಟೋ ವರ್ಷದ ಮೇಲೆ ಗೇಮ್‌ಕ್ಯೂಬ್ ಆವೃತ್ತಿ ಸಿಕ್ಕಿತು. ಕಣ್ಣು ಮುಚ್ಚಿ ಹೋಗುತ್ತೇನೆ ಅಂದುಕೊಂಡಿದ್ದ ಊರುಗಳಿಗೆ ದಾರಿ ತಪ್ಪಿದೆ. ಎಲ್ಲ ತಿರುವಿನಲ್ಲೂ ನನ್ನ ಹೆಬ್ಬೆರಳು ಬಲಕ್ಕೆ ಹೋಗುತ್ತಿತ್ತು, ದಾರಿ ಎಡಕ್ಕೆ ಇರುತ್ತಿತ್ತು. ಆದರೂ ಆ ಗೇಮ್‌ಕ್ಯೂಬ್ ಆಟವೇ ನನ್ನ ಪಕ್ಷ. ಅಲ್ಲಿ ಲಿಂಕ್ ಎಡಚ. ಕೈಯಲ್ಲಿ ಆ ಗೇಮ್‌ಕ್ಯೂಬ್ ಕಂಟ್ರೋಲರ್, ನಡುವೆ ದೊಡ್ಡ ಹಸಿರು ಎ ಬಟನ್, ಸುತ್ತ ಅದಕ್ಕಿಂತ ಚಿಕ್ಕವು. ಯಾವುದು ಮುಖ್ಯ ಅನ್ನೋದು ಬೆರಳಿಗೆ ತಾನಾಗೇ ಗೊತ್ತಾಗುತ್ತದೆ. ಎಲ್ ಟ್ರಿಗರ್ ಒತ್ತುತ್ತಾ ಹೋದರೆ ಕೊನೆಯಲ್ಲಿ ಟಕ್ ಅಂತ ಒಂದು ಸಣ್ಣ ಕ್ಲಿಕ್. ಅಷ್ಟು ಚೆನ್ನಾಗಿ ಕೈಗೆ ಕೂರುವ ಕಂಟ್ರೋಲರ್ ಇನ್ನೊಂದು ನಾನು ಹಿಡಿದಿಲ್ಲ.

ಸ್ಕೈವರ್ಡ್ ಸೋರ್ಡ್, ಬ್ರೆತ್ ಆಫ್ ದಿ ವೈಲ್ಡ್, ಟಿಯರ್ಸ್ ಆಫ್ ದಿ ಕಿಂಗ್ಡಮ್, ಈ ಮೂರರಲ್ಲೂ ಲಿಂಕ್ ಬಲಗೈಯವನೇ. ಒಂದು ರಿಮೋಟ್‌ಗಾಗಿ ಬದಲಾದ ಕೈ ಆಮೇಲೆ ದೊಡ್ಡ ಗೇಮ್‌ಗಳಲ್ಲಿ ಹಾಗೇ ಉಳಿಯಿತು.

ಗೆಳೆಯನ ಒಕರಿನಾಕ್ಕೆ ಬರೋಣ. ಅವನು ಅದನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದಾನೆ ಅಂತ ಆ ಗೇಮ್ ಬಂದ ನಿಂಟೆಂಡೋ 64 ಯಂತ್ರದ ಅವನ ಕಂಟ್ರೋಲರ್ ಹಿಡಿದರೆ ಗೊತ್ತಾಗುತ್ತದೆ. ಅದಕ್ಕೆ ಮೂರು ಹಿಡಿ. ನಡುವಿನ ಹಿಡಿಯ ಹಿಂದೆ, ಬಂದೂಕಿನ ಕುದುರೆ ಇರುವ ಜಾಗದಲ್ಲಿ, ಝಡ್ ಬಟನ್. ಅದನ್ನು ಒತ್ತಿದರೆ ಲಿಂಕ್ ಶತ್ರುವಿನ ಮೇಲೆ ಕಣ್ಣಿಡುತ್ತಾನೆ. ಕ್ಯಾಮೆರಾ ತಾನೇ ತಿರುಗುತ್ತದೆ, ಸುತ್ತಲೂ ಸರಿಯಬಹುದು, ಹಿಂದಕ್ಕೆ ಪಲ್ಟಿ ಹೊಡೆಯಬಹುದು. ಮೂರು ಆಯಾಮದಲ್ಲಿ ಕತ್ತಿ ಕಾಳಗ ಹೇಗೆ ಅಂತ ಎಲ್ಲರೂ ಒದ್ದಾಡುತ್ತಿದ್ದ ಕಾಲ ಅದು. ಈ ತಂಡದವರಿಗೆ ಕ್ಯೋಟೋದ ಒಂದು ಸಿನಿಮಾ ಪಾರ್ಕ್‌ನಲ್ಲಿ ನಿಂಜಾ ಪ್ರದರ್ಶನ ನೋಡುವಾಗ ಈ ಯೋಚನೆ ಬಂದಿದ್ದು. ಒಬ್ಬ ಎದುರಾಳಿಯ ಸುತ್ತ ಸುತ್ತುತ್ತಾ ಹೋರಾಡುವುದನ್ನು ಅಲ್ಲಿ ನೋಡಿದರು. ಇವತ್ತು ಹೀಗೆ ಶತ್ರುವಿನ ಮೇಲೆ ಕಣ್ಣಿಡುವ ಲಾಕ್-ಆನ್ ಇಲ್ಲದ ಕತ್ತಿ ಗೇಮ್ ಹುಡುಕುವುದೇ ಕಷ್ಟ. ನನ್ನ ಗೆಳೆಯ ಈಗಲೂ ಅದನ್ನು ಲಾಕ್-ಆನ್ ಅನ್ನುವುದಿಲ್ಲ, ಝಡ್ ಅಂತಲೇ ಹೇಳುತ್ತಾನೆ. ಝಡ್ ಬಟನ್ನೇ ಇಲ್ಲದ ಕಂಟ್ರೋಲರ್ ಹಿಡಿದಾಗಲೂ ಅಷ್ಟೇ.

ಇನ್ನು ಹಾಡುಗಳು. ಬಲಗಡೆ ನಾಲ್ಕು ಹಳದಿ ಸಿ ಬಟನ್‌ಗಳು, ಮೇಲೆ ಕೆಳಗೆ ಎಡ ಬಲ. ಅವು ಮತ್ತು ಎ ಸೇರಿ ಐದು ಸ್ವರ. ಎಡ, ಮೇಲೆ, ಬಲ, ಎಡ, ಮೇಲೆ, ಬಲ ಒತ್ತಿದರೆ ರಾಜಕುಮಾರಿ ಜೆಲ್ಡಾಳ ಜೋಗುಳ. ಎ, ಕೆಳಗೆ, ಮೇಲೆ, ಮತ್ತೆ ಅದೇ, ಮಳೆಯ ಹಾಡು. ಸಂಗೀತ ಮಾಡಿದ ಕೊಜಿ ಕೊಂಡೊ ಐದೇ ಸ್ವರದಲ್ಲಿ ಇಷ್ಟು ಹಾಡು ಕಟ್ಟಿದರಲ್ಲ! ಕಂಟ್ರೋಲರ್ ಒಂದು ವಾದ್ಯ ಆಗಿದ್ದು ಅಲ್ಲಿ. ಸ್ವಿಚ್‌ನಲ್ಲಿ ಆ ಹಳೆಯ ಗೇಮ್ ಆಡುವಾಗ ಸಾಮಾನ್ಯ ಕಂಟ್ರೋಲರ್‌ನಲ್ಲಿ ಸಿ ಬಟನ್‌ಗಳ ಕೆಲಸ ಬಲ ಸ್ಟಿಕ್‌ಗೆ ಬರುತ್ತದೆ. ಹಾಡು ಬರುತ್ತೆ, ಸರಿ. ಆದರೆ ಸ್ಟಿಕ್ಕನ್ನು ತಳ್ಳಿ ಹಾಡು ನುಡಿಸುವುದಕ್ಕೂ ಬೆರಳನ್ನು ಒಂದೊಂದು ಬಟನ್ ಮೇಲೆ ಇಟ್ಟು ನುಡಿಸುವುದಕ್ಕೂ ತುಂಬಾ ವ್ಯತ್ಯಾಸ. ಈ ಮಾತಿನಲ್ಲಿ ನಾನು ಪೂರ್ತಿ ಗೆಳೆಯನ ಕಡೆ.

ವಾಟರ್ ಟೆಂಪಲ್ ವಿಷಯದಲ್ಲಿ ಮಾತ್ರ ಅಲ್ಲ. ಒಕರಿನಾದ ಆ ನೀರಿನ ಗುಡಿಯನ್ನು ಎಷ್ಟೋ ವರ್ಷದಿಂದ ಜನ ಬೈಯುತ್ತಲೇ ಇದ್ದಾರೆ. ಕಷ್ಟ, ಗೊಂದಲ, ಬೇಸರ ಅಂತ. ಗೆಳೆಯ ಮಾತ್ರ "ಅದನ್ನು ಬೈಯೋರಿಗೆ ತಾಳ್ಮೆ ಇಲ್ಲ" ಅನ್ನುತ್ತಾನೆ. ನಾನು ಹೇಳುವುದು ಬೇರೆ. ಗುಡಿಯ ತಪ್ಪಲ್ಲ, ಬಟನ್ ಕಮ್ಮಿ ಬಿದ್ದಿದ್ದು. ನೀರಿನಲ್ಲಿ ಮುಳುಗಬೇಕು ಅಂದರೆ ಕಬ್ಬಿಣದ ಬೂಟು ಹಾಕಬೇಕು, ತೇಲಬೇಕು ಅಂದರೆ ತೆಗೆಯಬೇಕು. ಆ ಬೂಟನ್ನು ಸಿ ಬಟನ್‌ಗೆ ಹಾಕೋಕೆ ಬರುತ್ತಿರಲಿಲ್ಲ. ಪ್ರತಿ ಸಲ ಸ್ಟಾರ್ಟ್ ಒತ್ತಿ, ಪುಟ ತಿರುಗಿಸಿ, ಬೂಟು ಆರಿಸಿ, ಮತ್ತೆ ಸ್ಟಾರ್ಟ್. ಒಂದು ಸಂಜೆ ನಾನು ಎಣಿಸಿದೆ. ನಲವತ್ತು ದಾಟಿದ ಮೇಲೆ ಎಣಿಕೆ ಬಿಟ್ಟೆ. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರಕ್ಕೆ ಅದೇ ಗೇಮ್ ಹೊಸದಾಗಿ ಬಂದಾಗ ಬೂಟನ್ನು ಒಂದು ಬಟನ್‌ಗೆ ಇಟ್ಟುಕೊಳ್ಳುವ ಹಾಗೆ ಮಾಡಿದರು. ದಾರಿ ತೋರುವ ಬಣ್ಣದ ಗೆರೆಗಳನ್ನೂ ಸೇರಿಸಿದರು, ನಿಜ. ಆದರೆ ನನಗೆ ಹಗುರ ಅನ್ನಿಸಿದ್ದು ಆ ಬೂಟಿನಿಂದಲೇ. ಕೋಣೆಗಳು ಅವೇ, ನೀರೂ ಅದೇ. ನಾನು ಆ ಗುಡಿಯನ್ನು ಅವತ್ತು ಮೊದಲ ಸಲ ಇಷ್ಟಪಟ್ಟೆ.

ಬ್ರೆತ್ ಆಫ್ ದಿ ವೈಲ್ಡ್ ಗೆಳತಿಯ ವಾದಕ್ಕೆ ಬಂದರೆ, ಅವಳು ಹೇಳೋದು ಬಿಲ್ಲಿನ ಬಗ್ಗೆ. ಸ್ಟಿಕ್‌ನಲ್ಲಿ ಅಂದಾಜಿಗೆ ಗುರಿ ತಿರುಗಿಸು, ಆಮೇಲೆ ಕಂಟ್ರೋಲರನ್ನೇ ಕೂದಲೆಳೆಯಷ್ಟು ಓರೆ ಮಾಡಿ ಸರಿಮಾಡಿಕೋ. ಒಳಗಿನ ಜೈರೋ ಸೆನ್ಸರ್ ಅದನ್ನು ಹಿಡಿಯುತ್ತದೆ. ಇದನ್ನು ಆಫ್ ಮಾಡಿ ಆಡುವವರನ್ನು ಕಂಡರೆ ಅವಳಿಗೆ ನಿಜವಾಗಿ ಸಂಕಟ ಆಗುತ್ತದೆ. ಅವಳ ಹಾಗೆ ಆಡಿ ನೋಡಿದೆ. ಅವಳ ಮಾತು ಸರಿ. ಓಡುವ ಜಿಂಕೆಗೆ ಬರೀ ಸ್ಟಿಕ್‌ನಲ್ಲಿ ಗುರಿ ಇಡುವುದು ನನಗೆ ಈಗ ಆಗುವುದೇ ಇಲ್ಲ.

ಆ ಗೇಮ್‌ನಲ್ಲಿ ಮಿಯಾಮ್ ಅಗಾನಾ ಅಂತ ಒಂದು ಚಿಕ್ಕ ಗುಡಿ ಇದೆ. ಒಂದು ಚೆಂಡು, ಒಂದು ಜಟಿಲ ದಾರಿಯ ಹಲಗೆ. ಕಂಟ್ರೋಲರ್ ಓರೆ ಮಾಡಿದ ಹಾಗೆ ಹಲಗೆ ಓರೆಯಾಗುತ್ತದೆ. ಚೆಂಡನ್ನು ದಾರಿಯಲ್ಲಿ ಉರುಳಿಸಿ ಆಚೆ ತಲುಪಿಸಬೇಕು. ನಾನು ಅರ್ಧ ಗಂಟೆ ಉಸಿರು ಬಿಗಿಹಿಡಿದು ಉರುಳಿಸಿದೆ. ಗೆಳತಿ ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ತಲೆಕೆಳಗು ಮಾಡಿದಳು. ಹಲಗೆಯೂ ಮಗುಚಿತು. ಹಿಂಬದಿ ಪೂರ್ತಿ ಸಮತಟ್ಟು, ಗೋಡೆಗಳೇ ಇಲ್ಲ! ಚೆಂಡನ್ನು ಅದರ ಮೇಲೆ ಬೀಳಿಸಿಕೊಂಡು ಸುಮ್ನೆ ಆಚೆ ಜಾರಿಸಿದಳು. ಅವಳಷ್ಟೇ ಅಲ್ಲ, ತುಂಬಾ ಜನ ಆ ಗುಡಿಯನ್ನು ಹಾಗೇ ಗೆದ್ದಿದ್ದಾರೆ. ಆದರೆ ಕಣ್ಣೆದುರು ನೋಡಿದಾಗ ಆಗುವ ಬೆರಗು ಬೇರೆ.

2023ರ ಟಿಯರ್ಸ್ ಆಫ್ ದಿ ಕಿಂಗ್ಡಮ್ ಬಗ್ಗೆ ನನಗೂ ಅವಳಿಗೂ ಬಿಸಿ ಬಿಸಿ ಚರ್ಚೆ ಆಯಿತು. ನನ್ನ ದೂರು ಎಡ ಹೆಬ್ಬೆರಳಿನದು. ಬಾಣಕ್ಕೆ ಏನಾದರೂ ಅಂಟಿಸಬೇಕು ಅಂದರೆ ಝಡ್‌ಆರ್ ಬಟನ್ ಹಿಡಿದು ಬಿಲ್ಲು ಎಳೆಯಬೇಕು, ಡಿ-ಪ್ಯಾಡ್ ಮೇಲ್ಬದಿ ಒತ್ತಿ ಹಿಡಿಯಬೇಕು, ಬಲ ಸ್ಟಿಕ್‌ನಲ್ಲಿ ವಸ್ತು ಆರಿಸಬೇಕು. ಡಿ-ಪ್ಯಾಡ್‌ಗೆ ಹೋದ ಎಡ ಹೆಬ್ಬೆರಳು ನಡೆಸುವ ಸ್ಟಿಕ್ಕನ್ನು ಬಿಟ್ಟಿರುತ್ತದೆ. ಶತ್ರು ಹತ್ತಿರ ಬರುತ್ತಿದ್ದಾನೆ, ಲಿಂಕ್ ನಿಂತೇ ಇದ್ದಾನೆ. ಒಂದು ಬೆರಳಿಗೆ ಎರಡು ಕೆಲಸ ಕೊಡಬಾರದು. ಗೆಳತಿ ಎಡ ತೋರುಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಡಿ-ಪ್ಯಾಡ್ ಮೇಲೆ ಇಟ್ಟುಕೊಳ್ಳುತ್ತಾಳೆ. ಹತ್ತು ನಿಮಿಷ ನಾನೂ ಹಾಗೆ ಹಿಡಿದೆ. ಕೈ ನೋಯಿತು. ಆದರೆ ಅದೇ ಗೇಮ್‌ನಲ್ಲಿ ಅಂಟಿಸಿದ ಎರಡು ಹಲಗೆಯನ್ನು ಬಿಡಿಸೋಕೆ ಬಲ ಸ್ಟಿಕ್ಕನ್ನು ಅಲ್ಲಾಡಿಸಬೇಕಲ್ಲ, ಅದು ಎಷ್ಟು ಸರಿ ಇದೆ! ನಿಜವಾದ ಹಲಗೆ ಕೀಳುವಾಗಲೂ ನಾವು ಹಾಗೇ ಅಲ್ಲಾಡಿಸುತ್ತೇವೆ ಅಲ್ವಾ.

ಅದೇ ಗೇಮ್ ಆಡುವಾಗ ನನ್ನ ಕಂಟ್ರೋಲರ್ ಕೈಕೊಟ್ಟಿತು. ಯಾವ ಕಂಪನಿಯದು ಅನ್ನೋದು ಬೇಡ. ಆಕಾಶದ ಒಂದು ದ್ವೀಪದ ಅಂಚಿನಲ್ಲಿ ಲಿಂಕ್‌ನನ್ನು ನಿಲ್ಲಿಸಿ, ಕಂಟ್ರೋಲರ್ ತೊಡೆ ಮೇಲಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಕನ್ನಡಕ ಹಾಕಿ ನೋಡಿದರೆ ಲಿಂಕ್ ಬೀಳುತ್ತಿದ್ದ. ನಾನು ಸ್ಟಿಕ್ ಮುಟ್ಟಿರಲಿಲ್ಲ. ಇದಕ್ಕೇ ಡ್ರಿಫ್ಟ್ ಅನ್ನುವುದು. ಸಾಮಾನ್ಯ ಸ್ಟಿಕ್ ಒಳಗೆ ಒಂದು ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ಸಣ್ಣ ತುಂಡೊಂದು ಉಜ್ಜುತ್ತಾ ಓಡಾಡುತ್ತದೆ. ಎಲ್ಲಿ ನಿಂತಿದೆ ಅನ್ನೋದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆದರೆ, ನಡುವಿನಲ್ಲಿ ಸುಮ್ಮನೆ ನಿಂತ ಸ್ಟಿಕ್ ಕೂಡ ಓರೆಯಾದ ಹಾಗೆ ಲೆಕ್ಕ ಕೊಡುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಉಜ್ಜಾಟ ಇಲ್ಲ, ಅಯಸ್ಕಾಂತ ಮತ್ತು ಸೆನ್ಸರ್ ಒಂದನ್ನೊಂದು ಮುಟ್ಟದೆ ಕೆಲಸ ಮಾಡುತ್ತವೆ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇದು ಇತ್ತು. ಅಷ್ಟು ಹಿಂದೆಯೇ ಇದ್ದದ್ದು ಇವತ್ತಿಗೂ ಎಲ್ಲ ಕಂಟ್ರೋಲರ್‌ಗಳಲ್ಲಿ ಇಲ್ಲ ಅನ್ನೋದು ನನಗೆ ನಿಜವಾಗಿ ಕೋಪ ಬರಿಸುವ ವಿಷಯ.

ಗೆಳೆಯನ ನಿಂಟೆಂಡೋ 64 ಸ್ಟಿಕ್‌ನ ಕಾಯಿಲೆ ಬೇರೆ ಜಾತಿಯದು. ಅಲ್ಲಿ ಪಟ್ಟಿ ಇಲ್ಲ, ತೂತು ಇರುವ ಚಕ್ರಗಳು ಬೆಳಕನ್ನು ತಡೆದು ಬಿಟ್ಟು ಲೆಕ್ಕ ಕೊಡುತ್ತವೆ. ಅದು ತಾನಾಗಿ ನಡೆಯುವುದಿಲ್ಲ. ಆದರೆ ಬುಡದ ಪ್ಲಾಸ್ಟಿಕ್ ಸವೆದು ಬಿಳಿ ಪುಡಿಯಾಗಿ, ಸ್ಟಿಕ್ ಸಡಿಲವಾಗಿ ಜೋಲುತ್ತದೆ. ಅವನು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದನ್ನು ನೋಡಿದ್ದೇನೆ. ಅಷ್ಟು ಹುಷಾರಾಗಿ ಅವನು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಆ ಜಗಳದ ಮುಂದಿನ ವಾರ ಎಲ್ಲರೂ ಮತ್ತೆ ಸೇರಿದೆವು. ಗೆಳತಿ ಒಂದು ಷರತ್ತು ಹಾಕಿದಳು, ಯಾರೂ ತಮ್ಮ ಗೇಮ್ ಆಡಬಾರದು. ಗೆಳೆಯನ ಕೈಗೆ ತಂಗಿಯ ಸ್ವಿಚ್ ಬಂತು. ಸ್ಕೈವರ್ಡ್ ಸೋರ್ಡ್, ಬಟನ್‌ನಲ್ಲಿ. ಮೊದಲ ಹತ್ತು ನಿಮಿಷ ಅವನು ಸುತ್ತ ನೋಡೋಕೆ ಬಲ ಸ್ಟಿಕ್ ತಿರುಗಿಸಿದಾಗೆಲ್ಲ ಲಿಂಕ್ ಕತ್ತಿ ಬೀಸುತ್ತಿದ್ದ. "ಎಲ್ ಹಿಡ್ಕೊಂಡು ತಿರುಗಿಸು ಅಣ್ಣ, ಆಗ ಕ್ಯಾಮೆರಾ ತಿರುಗುತ್ತೆ" ಅಂತ ತಂಗಿ ಹೇಳಿಕೊಟ್ಟಳು. ಆಮೇಲೆ ಡೆಕು ಬಾಬಾ ಬಂತು, ಬಾಯಿ ತೆರೆಯುವ ಗಿಡ. ಬಾಯಿ ಅಡ್ಡ ತೆರೆದರೆ ಅಡ್ಡ ಕಡಿಯಬೇಕು, ಉದ್ದ ತೆರೆದರೆ ಉದ್ದ. ಗೆಳೆಯ ಸ್ಟಿಕ್ ತಳ್ಳಿದ, ಒಂದೇ ಏಟಿಗೆ ಗಿಡ ಎರಡು ತುಂಡಾಯಿತು. ಅವನು ಏನೂ ಮಾತಾಡಲಿಲ್ಲ. ಮುಂದಿನ ಗಿಡದ ಕಡೆ ನಡೆದ. ಒಂದು ಗಂಟೆಯಾದರೂ ಸ್ವಿಚ್ ವಾಪಸ್ ಕೊಡಲಿಲ್ಲ.

ತಂಗಿಗೆ ನಿಂಟೆಂಡೋ 64. ಮೂರು ಹಿಡಿಯಲ್ಲಿ ಯಾವ ಎರಡು ಹಿಡಿಯಬೇಕು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಡುವಿನದು ಎಡಗೈಗೆ, ಬಲಗಡೆಯದು ಬಲಗೈಗೆ ಅಂತ ತೋರಿಸಿದೆ. ಗೆಳೆಯ ಸ್ವಿಚ್‌ನಿಂದ ತಲೆ ಎತ್ತದೆಯೇ "ಎಡ, ಮೇಲೆ, ಬಲ" ಅಂತ ಹೇಳುತ್ತಾ ಹೋದ. ಅವಳು ಒಂದೊಂದೇ ಹಳದಿ ಬಟನ್ ನೋಡಿಕೊಂಡು ನಿಧಾನಕ್ಕೆ ಒತ್ತಿದಳು. ಮೊದಲ ಸಲ ತಪ್ಪಿತು. ಎರಡನೇ ಸಲ ನೋಡದೇ ಒತ್ತಿದಳು, ಆರು ಸ್ವರವೂ ಸರಿಯಾಗಿ ಬಿದ್ದವು. ಅವಳು ನುಡಿಸಿದ್ದನ್ನೇ ಲಿಂಕ್ ಮತ್ತೆ ಪೂರ್ತಿ ಊದಿದ.

ಆಮೇಲೆ ಬಯಲಿಗೆ ಬಂದು ಕತ್ತಿ ಎಳೆದಳು. ಸ್ವಲ್ಪ ಹೊತ್ತು ಟಿವಿ ನೋಡಿ ನನ್ನ ಕಡೆ ತಿರುಗಿದಳು.

"ಅಣ್ಣಾ, ಇವನು ನಿನ್ನ ಥರ ಎಡಗೈಯಲ್ಲಿ ಹಿಡಿದಿದ್ದಾನಲ್ಲ?"

ಹೌದು ಅಂದೆ. ಅವಳು ಬಿ ಒತ್ತಿದಳು, ಲಿಂಕ್ ಕತ್ತಿ ಬೀಸಿದ. ಸುತ್ತ ಒಬ್ಬ ಶತ್ರುವೂ ಇರಲಿಲ್ಲ. ನೋಡೋಕೆ ಅಂತಲೇ ಇನ್ನೊಂದು ಸಲ ಒತ್ತಿದಳು.